ಫಾರ್ ಲೂಪೋ, ಎಕ್ಸ್‌ಆರ್ಗ್ಸೋ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಪಟ್ಟಿಯಲ್ಲಿರುವ ಪ್ರತಿಯೊಂದು ಹೆಸರಿಗೂ ಒಂದೇ ಕಮಾಂಡನ್ನು ಓಡಿಸಬೇಕಾದಾಗ ಫಾರ್ ಲೂಪ್ (ಪ್ರತಿ ಹೆಸರಿಗೂ ಒಂದು ಸುತ್ತು ಹಾಕುವ ರಚನೆ) ಬರೆಯಬೇಕೋ, ಎಕ್ಸ್‌ಆರ್ಗ್ಸ್ (ಪಟ್ಟಿಯನ್ನು ಓದಿ ಹೆಸರುಗಳನ್ನು ಇನ್ನೊಂದು ಕಮಾಂಡಿಗೆ ಒದಗಿಸುವ ಸಾಧನ) ಬಳಸಬೇಕೋ ಎಂದು, ಯುನಿಕ್ಸ್ ಮಾದರಿಯ ವ್ಯವಸ್ಥೆಗಳಲ್ಲಿ ಕಮಾಂಡುಗಳನ್ನು ಓಡಿಸುವ ಶೆಲ್ಲನ್ನು ಕಲಿಯುತ್ತಿರುವವರಷ್ಟೇ ಅಲ್ಲ, ವರ್ಷಗಳಿಂದ ಅದರಲ್ಲೇ ಕೆಲಸ ಮಾಡುತ್ತಿರುವವರೂ ನನ್ನನ್ನು ಕೇಳುತ್ತಾರೆ. ಪಟ್ಟಿಯಲ್ಲಿ ಒಂದು ಹೆಸರು ಎಲ್ಲಿ ಮುಗಿದು ಮುಂದಿನದು ಎಲ್ಲಿ ಶುರುವಾಗುತ್ತದೆ ಎಂಬುದನ್ನು ಮೊದಲು ಖಚಿತಪಡಿಸಿಕೊಂಡರೆ ಆಯ್ಕೆ ಬಹುಮಟ್ಟಿಗೆ ತಾನಾಗಿಯೇ ತೀರ್ಮಾನವಾಗುತ್ತದೆ ಎಂಬುದು ನನ್ನ ಉತ್ತರ.

ಅದಕ್ಕೂ ಮುಂಚೆ, ಮತ್ತೆ ಮತ್ತೆ ಓಡಿಸುವ ಅಗತ್ಯ ನಿಜವಾಗಿಯೂ ಇದೆಯೇ ಎಂದು ನೋಡಬೇಕು. ಪಠ್ಯ ಹುಡುಕುವ ಗ್ರೆಪ್, ಅನುಮತಿ ಬದಲಿಸುವ ಸಿಎಚ್‌ಮಾಡ್, ಕಡತ ಅಳಿಸುವ ಆರ್‌ಎಂ ಮುಂತಾದವು ಒಂದೇ ಸಲಕ್ಕೆ ಅನೇಕ ಕಡತಗಳನ್ನು ಸ್ವೀಕರಿಸುತ್ತವೆ. ಅಂಥವಕ್ಕೆ ಲೂಪ್ ಬರೆದರೆ ಪ್ರತಿ ಕಡತಕ್ಕೂ ಹೊಸ ಪ್ರಕ್ರಿಯೆಯೊಂದನ್ನು (ಓಡುತ್ತಿರುವ ಪ್ರೋಗ್ರಾಮ್) ಹುಟ್ಟಿಸಿದಂತಾಗುತ್ತದೆ, ಅಷ್ಟೇ.

ಹೆಸರಿನ ಗಡಿಯ ಮಾತಿಗೆ ಬರೋಣ. ಯುನಿಕ್ಸ್‌ನಲ್ಲಿ ಕಡತದ ಹೆಸರಿನೊಳಗೆ ಸ್ಲ್ಯಾಶ್ ಮತ್ತು ನಲ್ ಬೈಟ್ (ಮೌಲ್ಯ ಸೊನ್ನೆಯಾದ ಬೈಟ್) ಇವೆರಡನ್ನು ಬಿಟ್ಟು ಯಾವ ಬೈಟ್ ಬೇಕಾದರೂ ಇರಬಹುದು. ಖಾಲಿ ಜಾಗ, ಉದ್ಧರಣ ಚಿಹ್ನೆ, ಕೊನೆಗೆ ಹೊಸ ಸಾಲಿನ ಗುರುತೂ ಇರಬಹುದು. ಫಾರ್ ಲೂಪಿಗೆ ನಕ್ಷತ್ರ ಚಿಹ್ನೆಯ ಮೂಲಕ ಕಡತಗಳನ್ನು ಕೊಟ್ಟಾಗ ಶೆಲ್ ಪ್ರತಿಯೊಂದು ಹೆಸರನ್ನೂ ಇಡಿಯಾಗಿಯೇ ಉಳಿಸಿಕೊಳ್ಳುತ್ತದೆ, ಆದ್ದರಿಂದ ಒಳಗೆ ಬಳಸುವ ವೇರಿಯಬಲ್ಲನ್ನು ಜೋಡಿ ಉದ್ಧರಣ ಚಿಹ್ನೆಯಲ್ಲಿಟ್ಟರೆ ಸಾಕು. ಅದೇ ಲೂಪಿಗೆ ಕಡತಗಳನ್ನು ಪಟ್ಟಿ ಮಾಡುವ ಎಲ್‌ಎಸ್ ಕಮಾಂಡಿನ ಔಟ್‌ಪುಟ್ಟನ್ನು ಡಾಲರ್ ಆವರಣದ ಮೂಲಕ ತುಂಬಿದರೆ, ಜಾಗವಿರುವ ಹೆಸರೊಂದು ಎರಡು ಮೂರು ತುಂಡಾಗಿ ಬರುತ್ತದೆ, ಮತ್ತು ಆ ತುಂಡುಗಳಿಗೆ ಆರ್‌ಎಂ ಓಡಿಸುತ್ತಿದ್ದರೆ ಆಗುವ ನಷ್ಟಕ್ಕೆ ಪರಿಹಾರವಿಲ್ಲ. ಎಕ್ಸ್‌ಆರ್ಗ್ಸ್ ಕೂಡ ಹೇಳದೆ ಬಿಟ್ಟರೆ ಜಾಗ ಕಂಡಲ್ಲೆಲ್ಲ ಕತ್ತರಿಸುತ್ತದೆ. ಉದ್ಧರಣ ಚಿಹ್ನೆ ಮತ್ತು ಬ್ಯಾಕ್‌ಸ್ಲ್ಯಾಶ್‌ಗಳಿಗೂ ತನ್ನದೇ ಅರ್ಥ ಕೊಡುತ್ತದೆ. ಆದ್ದರಿಂದಲೇ ಕಡತಗಳನ್ನು ಹುಡುಕಿಕೊಡುವ ಫೈಂಡ್‌ಗೆ ಪ್ರಿಂಟ್‌ಝೀರೋ, ಎಕ್ಸ್‌ಆರ್ಗ್ಸ್‌ಗೆ ಸೊನ್ನೆಯ ಆಯ್ಕೆ ಕೊಟ್ಟು ನಲ್ ಬೈಟನ್ನೇ ಗಡಿಯಾಗಿಸುವುದು ಸರಿಯಾದ ಮಾರ್ಗ. ಬಹುಕಾಲ ಕೆಲವು ವ್ಯವಸ್ಥೆಗಳ ವಿಸ್ತರಣೆಯಾಗಷ್ಟೇ ಇದ್ದ ಈ ಜೋಡಿ ಯುನಿಕ್ಸ್ ಮಾದರಿಯ ವ್ಯವಸ್ಥೆಗಳ ಮಾನಕವಾದ ಪಾಸಿಕ್ಸ್‌ನ 2024ರ ಆವೃತ್ತಿಯಲ್ಲಿ ಮಾನಕದೊಳಗೇ ಸೇರಿದ್ದು ನನಗೆ ನಿಜಕ್ಕೂ ಸಂತೋಷ ತಂದಿದೆ.

ಹಾಗಿದ್ದರೆ ಎಕ್ಸ್‌ಆರ್ಗ್ಸ್ ಏತಕ್ಕೆ? ಒಂದು ಪ್ರಕ್ರಿಯೆಗೆ ಕೊಡಬಹುದಾದ ಆರ್ಗ್ಯುಮೆಂಟುಗಳ ಒಟ್ಟು ಗಾತ್ರಕ್ಕೆ ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಮಿತಿ ಹಾಕುತ್ತದೆ. ಲಿನಕ್ಸ್‌ನಲ್ಲಿ ಅದು ಸಾಮಾನ್ಯವಾಗಿ 2 ಎಂಬಿ. ಅದನ್ನು ಮೀರಿದಾಗ ‘ಆರ್ಗ್ಯುಮೆಂಟ್ ಲಿಸ್ಟ್ ಟೂ ಲಾಂಗ್’ ಎಂಬ ದೂರು ಬರುತ್ತದೆ. ಎಕ್ಸ್‌ಆರ್ಗ್ಸ್ ಪಟ್ಟಿಯನ್ನು ಮಿತಿಯೊಳಗಿನ ಕಂತುಗಳಾಗಿ ಒಡೆದು ಕಮಾಂಡನ್ನು ಅಗತ್ಯವಿರುವಷ್ಟೇ ಸಲ ಓಡಿಸುತ್ತದೆ. ಫೈಂಡ್‌ನ ಎಕ್ಸೆಕ್ ಆಯ್ಕೆಯನ್ನು ಅರ್ಧವಿರಾಮದ ಬದಲು ಕೂಡಿಸುವ ಚಿಹ್ನೆಯಿಂದ ಮುಗಿಸಿದರೂ ಇದೇ ಕೆಲಸವಾಗುತ್ತದೆ. ಎಕ್ಸ್‌ಆರ್ಗ್ಸ್‌ನ ದೊಡ್ಡಕ್ಷರದ ಪಿ ಆಯ್ಕೆಯಿಂದ ಹಲವು ಪ್ರಕ್ರಿಯೆಗಳನ್ನು ಏಕಕಾಲಕ್ಕೆ ನಡೆಸಬಹುದು, ಆದರೆ ಅವುಗಳ ಔಟ್‌ಪುಟ್ ಒಂದರೊಳಗೊಂದು ಬೆರೆಯಬಹುದು.

ಪಟ್ಟಿ ಒಂದು ಕಡತದಲ್ಲಿ ಸಾಲುಸಾಲಾಗಿದ್ದರೆ, ಉದಾಹರಣೆಗೆ ಸರ್ವರ್‌ಗಳ ಹೆಸರುಗಳಿದ್ದರೆ, ನಾನು ಒಂದೊಂದೇ ಸಾಲನ್ನು ಓದುತ್ತ ಸುತ್ತುವ ವೈಲ್ ಮತ್ತು ರೀಡ್ ಜೋಡಿಯನ್ನು ಬಳಸುತ್ತೇನೆ. ಇಲ್ಲಿ ಅನೇಕರನ್ನು ಕಂಗೆಡಿಸುವ ಸಂಗತಿಯೊಂದಿದೆ: ಒಳಗೆ ದೂರದ ಯಂತ್ರದಲ್ಲಿ ಕಮಾಂಡ್ ಓಡಿಸುವ ಎಸ್‌ಎಸ್‌ಎಚ್ ಇದ್ದರೆ ಲೂಪ್ ಒಂದೇ ಸುತ್ತಿಗೆ ನಿಂತುಬಿಡುತ್ತದೆ. ರೀಡ್ ಓದುತ್ತಿರುವ ಅದೇ ಸ್ಟ್ಯಾಂಡರ್ಡ್ ಇನ್‌ಪುಟ್ಟನ್ನು ಎಸ್‌ಎಸ್‌ಎಚ್ ಕೂಡ ಓದಿ, ಉಳಿದ ಸಾಲುಗಳನ್ನೆಲ್ಲ ನುಂಗಿರುತ್ತದೆ. ಎಸ್‌ಎಸ್‌ಎಚ್‌ಗೆ ಸಣ್ಣಕ್ಷರದ ಎನ್ ಆಯ್ಕೆ ಕೊಟ್ಟರೆ ತೊಂದರೆ ನೀಗುತ್ತದೆ.

ವೇಗದ ಚರ್ಚೆಯಲ್ಲಿ ಮರೆಯಾಗುವ ಇನ್ನೊಂದು ವ್ಯತ್ಯಾಸ ಸೋಲಿನ ವರದಿಗೆ ಸಂಬಂಧಿಸಿದ್ದು, ಮತ್ತು ನನ್ನ ದೃಷ್ಟಿಯಲ್ಲಿ ವೇಗಕ್ಕಿಂತ ಅದೇ ಮುಖ್ಯ. ಲೂಪಿನ ಎಕ್ಸಿಟ್ ಸ್ಟೇಟಸ್ (ಕಮಾಂಡ್ ಮುಗಿದಾಗ ಕೊಡುವ ಸಂಖ್ಯೆ, ಸೊನ್ನೆ ಎಂದರೆ ಯಶಸ್ಸು) ಕೊನೆಯ ಸುತ್ತಿನದು ಮಾತ್ರ. ನಡುವೆ ಹತ್ತು ಕಡತಗಳು ಕೆಟ್ಟಿದ್ದರೂ ಕೊನೆಯದು ಗೆದ್ದರೆ ಸೊನ್ನೆಯೇ ಬರುತ್ತದೆ. ಲಿನಕ್ಸ್‌ನಲ್ಲಿ ಸಾಮಾನ್ಯವಾಗಿರುವ ಗ್ನೂ ಎಕ್ಸ್‌ಆರ್ಗ್ಸ್ ಹಾಗಲ್ಲ: ಯಾವುದೇ ಒಂದು ಓಟ 1ರಿಂದ 125ರೊಳಗಿನ ಸ್ಟೇಟಸ್‌ನೊಂದಿಗೆ ಸೋತರೆ 123 ಹಿಂತಿರುಗಿಸುತ್ತದೆ, 255 ಬಂದರೆ ಅಲ್ಲಿಗೇ ನಿಲ್ಲಿಸಿ 124 ಕೊಡುತ್ತದೆ. ಆದರೆ ಸೋತದ್ದು ಯಾವ ಕಡತ ಎಂದು ಅದು ಹೇಳುವುದಿಲ್ಲ. ಹೆಸರುಗಳೇ ಬೇಕಾದಾಗ ನಾನು ಲೂಪನ್ನೇ ಬರೆದು, ಕಮಾಂಡಿನ ನಂತರ ಜೋಡಿ ನಿಲುಗೆರೆ (ಸೋತರೆ ಮಾತ್ರ ಮುಂದಿನದನ್ನು ಓಡಿಸುವ ಗುರುತು) ಹಾಕಿ, ಸೋತ ಹೆಸರನ್ನು ಒಂದು ಅರೇಗೆ (ಹಲವು ಮೌಲ್ಯಗಳನ್ನು ಹಿಡಿಯುವ ವೇರಿಯಬಲ್) ಸೇರಿಸುತ್ತೇನೆ.