ಐದನೆಯ ‘ಹ್ಯಾಲೋವೀನ್’ ಏಕೆ ಸೋತಿತು?

ಜುಲೈ ಮಳೆಗೆ ಕರೆಂಟು ಹೋಗಿ ಬಂದು ಮಾಡುವ ಸಂಜೆಗಳಲ್ಲಿ, ಮಡಿಕೇರಿಯ ನಮ್ಮ ಮನೆಗೆ ಬರುವ ನೆಂಟರ ಮಕ್ಕಳು ಹೆದರಿಸುವ ಸಿನಿಮಾ ಹಾಕಿ ಎಂದು ಪಟ್ಟು ಹಿಡಿಯುತ್ತಾರೆ. ‘ಹ್ಯಾಲೋವೀನ್’ ಎಂಬ ಅಮೆರಿಕದ ಭಯಾನಕ ಚಿತ್ರಗಳ ಸರಣಿಯನ್ನು ಮೊದಲಿನಿಂದ ನೋಡುತ್ತ ಬಂದವರೆಲ್ಲ ಕೇಳುವ ಪ್ರಶ್ನೆ ಒಂದೇ: ನಾಲ್ಕನೆಯ ಭಾಗ ಅಷ್ಟು ಬಿಗಿಯಾಗಿದ್ದರೂ ಮರುವರ್ಷವೇ ಬಂದ ಐದನೆಯದು ಇಷ್ಟು ಸಪ್ಪೆಯಾದದ್ದೇಕೆ?

ಕೈಗೆ ಬಂದ ಕಥೆಯನ್ನು ಅದು ಕೈಯಾರೆ ಚೆಲ್ಲಿತು ಎಂಬುದೇ ನನ್ನ ಉತ್ತರ. 1988ರ ನಾಲ್ಕನೆಯ ಭಾಗದ ಕೊನೆಯಲ್ಲಿ, ಕೊಲೆಗಾರ ಮೈಕೆಲ್ ಮೈಯರ್ಸ್‌ನ ಸೋದರಿಯ ಮಗಳಾದ ಪುಟ್ಟ ಜೇಮಿ, ಸಾಕುತಾಯಿಯನ್ನು ಇರಿದು, ವಿದೂಷಕನ ಉಡುಪಿನಲ್ಲಿ, ರಕ್ತ ಮೆತ್ತಿದ ಕತ್ತರಿ ಹಿಡಿದು ಮೆಟ್ಟಿಲಿನ ಮೇಲೆ ನಿಂತಿರುತ್ತಾಳೆ. ಕೆಳಗಿನಿಂದ ಅವಳನ್ನು ಕಂಡ, ಮೈಕೆಲ್‌ನ ಮನೋವೈದ್ಯನಾಗಿದ್ದ ಡಾಕ್ಟರ್ ಲೂಮಿಸ್ ಚೀರುತ್ತಾನೆ. ಬಾಲ್ಯದಲ್ಲಿ ಅಕ್ಕನನ್ನು ಕೊಂದ ಮೈಕೆಲ್ ತೊಟ್ಟಿದ್ದದ್ದೂ ಅಂಥದೇ ಉಡುಪು. ಮುಂದಿನ ಕಥೆಗೆ ಇದಕ್ಕಿಂತ ಗಟ್ಟಿಯಾದ ಬುನಾದಿ ಬೇಕಿರಲಿಲ್ಲ. ಆದರೆ 1989ರ ಚಿತ್ರದಲ್ಲಿ ಸಾಕುತಾಯಿ ಬದುಕಿದ್ದಾಳೆ, ಜೇಮಿ ಮಾತು ಕಳೆದುಕೊಂಡು ಮಕ್ಕಳ ಚಿಕಿತ್ಸಾಲಯದಲ್ಲಿದ್ದಾಳೆ, ಮೈಕೆಲ್‌ನ ಮನಸ್ಸಿಗೂ ಅವಳ ಮನಸ್ಸಿಗೂ ಅದೇನೋ ನಂಟು ಬೆಸೆದಿದೆ. ಆ ಕತ್ತರಿಯ ಭಾರ ಅಲ್ಲಿಗೇ ಇಳಿದುಹೋಯಿತು.

ಎರಡನೆಯ ತಪ್ಪು ಇನ್ನೂ ದೊಡ್ಡದು. 1978ರಲ್ಲಿ ಜಾನ್ ಕಾರ್ಪೆಂಟರ್ ನಿರ್ದೇಶಿಸಿದ ಮೊದಲ ಚಿತ್ರದಲ್ಲಿ ಮೈಕೆಲ್ ಹಾಡಹಗಲಲ್ಲಿ ಬೇಲಿಯ ಪಕ್ಕ ಸುಮ್ಮನೆ ನಿಲ್ಲುತ್ತಾನೆ, ಮರುಗಳಿಗೆ ಅಲ್ಲಿ ಯಾರೂ ಇರುವುದಿಲ್ಲ. ಮಂಜು ಕವಿದ ಬೆಳಗ್ಗೆ ತೋಟದ ಗೇಟಿನ ಬಳಿ ಯಾರೋ ನಿಂತಂತೆ ಕಂಡು, ಹತ್ತಿರ ಹೋದರೆ ಸಿಲ್ವರ್ ಓಕ್ ಮರದ ಬೊಡ್ಡೆಯಾಗಿರುವ ಅನುಭವ ಇಲ್ಲಿನವರಿಗೆ ಹೊಸದಲ್ಲ. ಯಾರು, ಏಕೆ ಎಂದು ತಿಳಿಯದಿರುವ ಆ ಕ್ಷಣದಲ್ಲೇ ಭಯವಿದೆ. ಐದನೆಯ ಭಾಗ ಮೈಕೆಲ್‌ನ ಮಣಿಕಟ್ಟಿಗೆ ಒಂದು ಗುರುತು ಹಾಕಿ, ಕಪ್ಪು ಬಟ್ಟೆಯ ಅಪರಿಚಿತನೊಬ್ಬನನ್ನು ಊರಿಗೆ ತಂದು, ಏನನ್ನೂ ಬಿಡಿಸದೆ ಮುಗಿಯುತ್ತದೆ. ಆ ಒಗಟಿನ ಉತ್ತರಕ್ಕೆ 1995ರ ಆರನೆಯ ಭಾಗದವರೆಗೆ ಕಾಯಬೇಕಾಯಿತು. ಜೇಮಿ ‘ಮಾವ’ ಎಂದು ಕರೆದಾಗ ಮೈಕೆಲ್ ಮುಖವಾಡ ತೆಗೆದು ಕಣ್ಣೀರು ಹಾಕುವ ದೃಶ್ಯವನ್ನಂತೂ ನಾನು ಇಂದಿಗೂ ಒಪ್ಪಲಾರೆ.

ಆದರೂ ಇಡೀ ಚಿತ್ರವನ್ನು ಬಿಟ್ಟುಬಿಡಿ ಎನ್ನಲು ಮನಸ್ಸು ಬರುವುದಿಲ್ಲ. ಮಾಸಿದ ಬಟ್ಟೆ ಜಾರಿಸುವ ಇಕ್ಕಟ್ಟಾದ ತಗಡಿನ ಕೊಳವೆಯೊಳಗೆ ಜೇಮಿ ಅಡಗಿ ಕುಳಿತಿರುವಾಗ, ಹೊರಗಿನಿಂದ ಚಾಕು ತಗಡನ್ನು ಸೀಳಿಕೊಂಡು ಒಳನುಗ್ಗುತ್ತದೆ. ಡೇನಿಯಲ್ ಹ್ಯಾರಿಸ್ ಎಂಬ ಆ ಬಾಲನಟಿ ಅಲ್ಲಿ ಉಸಿರುಗಟ್ಟಿ ಅಳುವುದನ್ನು ಕಂಡರೆ, ಆ ಮಗುವಿಗೆ ಇನ್ನೂ ಒಳ್ಳೆಯ ಕಥೆ ಸಿಗಬೇಕಿತ್ತೆಂದು ಪ್ರತಿ ಸಲವೂ ಅನಿಸುತ್ತದೆ.