ತರಗತಿಯಲ್ಲಿ ವಿಡಿಯೊ: ಎಲ್ಲಿ ನಿಲ್ಲಿಸಬೇಕು

ಹನ್ನೆರಡು ನಿಮಿಷದ ವಿಡಿಯೊ ಹಾಕಿ, ಮುಗಿದ ಮೇಲೆ ‘ಅರ್ಥ ಆಯ್ತಾ?’ ಅಂತ ಕೇಳಿದರೆ ‘ಆಯ್ತು ಮಿಸ್’ ಅಂತ ಇಡೀ ಕ್ಲಾಸು ಒಟ್ಟಿಗೆ ರಾಗ ಎಳೆಯುತ್ತದೆ. ಏನು ಅರ್ಥವಾಯಿತು ಅಂತ ಒಬ್ಬೊಬ್ಬರನ್ನೇ ಕೇಳಿ ನೋಡಿ, ಆಗ ಗೊತ್ತಾಗುತ್ತದೆ. 40 ನಿಮಿಷದ ಪೀರಿಯಡ್‌ಗೆ 3 ನಿಮಿಷದ ತುಣುಕು ಸಾಕು. ಮಿಕ್ಕ ಹೊತ್ತೆಲ್ಲ ಅದನ್ನು ನಿಲ್ಲಿಸಿ ಮಾತಾಡುವುದಕ್ಕೆ ಬೇಕು.

ಯಾವುದಕ್ಕೆ ವಿಡಿಯೊ ಬೇಡ ಅನ್ನುವುದನ್ನು ಮೊದಲು ತೀರ್ಮಾನಿಸಿ. ನಿಂಬೆರಸ, ಸೋಪಿನ ನೀರು, ಅರಿಸಿನ ಹಚ್ಚಿ ಒಣಗಿಸಿದ ಕಾಗದ ಇದ್ದರೆ ಆಮ್ಲ-ಪ್ರತ್ಯಾಮ್ಲದ ಪಾಠ ಮೇಜಿನ ಮೇಲೇ ನಡೆಯುತ್ತದೆ. ಬಂಡೆಗಳ ಪಾಠಕ್ಕೆ ಸುಮಾರು 300 ಕೋಟಿ ವರ್ಷ ಹಳೆಯ ಲಾಲ್‌ಬಾಗ್ ಬಂಡೆ ಬೆಂಗಳೂರಿನೊಳಗೇ ಇದೆ. ಮಕ್ಕಳು ಅದರ ಮೇಲೆ ಕೂತು ಪಾಠ ಕೇಳಬಹುದು, ಪರದೆ ಯಾಕೆ? ಅಪಾಯದ್ದು, ತೀರಾ ಚಿಕ್ಕದು, ತೀರಾ ನಿಧಾನದ್ದು, ಇಂಥವನ್ನು ಮಾತ್ರ ವಿಡಿಯೊಗೆ ಬಿಡಿ.

ಹತ್ತನೇ ತರಗತಿಯ ‘ಲೋಹಗಳು ಮತ್ತು ಅಲೋಹಗಳು’ ಪಾಠದಲ್ಲಿ ಸೋಡಿಯಂ ಮತ್ತು ನೀರಿನ ಕ್ರಿಯೆ ಅಂಥದ್ದು. ಹುಡುಕಿದರೆ ಮೊದಲು ಸಿಗುವುದು ದೊಡ್ಡ ಗಡ್ಡೆಯನ್ನು ಕೆರೆಗೆಸೆದು ಸಿಡಿಸುವ ದೃಶ್ಯಗಳು. ಅವನ್ನು ಬಿಡಿ, ಮಕ್ಕಳಿಗೆ ‘ಢಂ’ ಮಾತ್ರ ನೆನಪಿರುತ್ತದೆ. ಗಾಜಿನ ತೊಟ್ಟಿ, ಬೇಳೆ ಕಾಳಿನಷ್ಟು ತುಂಡು, ಹತ್ತಿರದಿಂದ ಹಿಡಿದ ಕ್ಯಾಮೆರಾ ಇರುವ ತುಣುಕು ಆರಿಸಿ. ನೀರಿಗೆ ಫಿನಾಫ್ತಲೀನ್ (ಪ್ರತ್ಯಾಮ್ಲ ಇದ್ದರೆ ಗುಲಾಬಿಯಾಗುವ ಸೂಚಕ) ಹಾಕಿದ್ದರೆ ಇನ್ನೂ ಒಳ್ಳೆಯದು.

ಚಿಮುಟ ನೀರಿನ ಹತ್ತಿರ ಬಂದಾಗ ಮೊದಲ ಸಲ ನಿಲ್ಲಿಸಿ. ಲೋಹ ಮುಳುಗುತ್ತದೋ ತೇಲುತ್ತದೋ? ಎಲ್ಲರೂ ನೋಟ್ಸಿನಲ್ಲಿ ಒಂದೇ ಪದದಲ್ಲಿ ಬರೆಯಲಿ. ಬರೆಸದೆ ಬರೀ ಕೈ ಎತ್ತಿಸಿದರೆ ಪಕ್ಕದವರನ್ನು ನೋಡಿ ಕೈ ಎತ್ತುತ್ತಾರೆ. ಕಬ್ಬಿಣ ಕಂಡವರು ‘ಮುಳುಗುತ್ತದೆ’ ಅಂತಲೇ ಬರೆಯುವುದು ಹೆಚ್ಚು. ಸೋಡಿಯಂ ಸಾಂದ್ರತೆ ಘನ ಸೆಂಟಿಮೀಟರಿಗೆ 0.97 ಗ್ರಾಂ, ನೀರಿಗಿಂತ ಕಡಿಮೆ, ಹಾಗಾಗಿ ತೇಲುತ್ತದೆ. ಮೂಲೆಮೂಲೆಯಾಗಿದ್ದ ತುಂಡು ಗುಂಡಗಾದ ಕೂಡಲೇ ಎರಡನೇ ಸಲ ನಿಲ್ಲಿಸಿ: ಆಕಾರ ಬದಲಾದದ್ದು ಯಾಕೆ? ಕ್ರಿಯೆಯಿಂದ ಹೊರಬರುವ ಶಾಖಕ್ಕೆ ಅದು ಕರಗಿದೆ. ಸೋಡಿಯಂ ಸುಮಾರು 98 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುತ್ತದೆ. ನೀರು ಗುಲಾಬಿಯಾದಾಗ ಮೂರನೆಯದು, ಅಲ್ಲಿ ಸಮೀಕರಣವನ್ನು ಬೋರ್ಡಿನ ಮೇಲೆ ಅವರಿಂದಲೇ ಬರೆಸಿ.

ಇಲ್ಲಿ ಒಂದು ಪ್ರಶ್ನೆ ಬಂದೇ ಬರುತ್ತದೆ, ಸಿದ್ಧರಾಗಿರಿ: ‘ಪುಸ್ತಕದಲ್ಲಿ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ ಅಂತಿದೆ, ಬೆಂಕಿ ಎಲ್ಲಿ?’ ಚಿಕ್ಕ ತುಂಡು ನೀರಿನ ಮೇಲೆ ಓಡಾಡುತ್ತಿದ್ದರೆ ಶಾಖ ನೀರಿಗೆ ಹೋಗಿಬಿಡುತ್ತದೆ, ಎಷ್ಟೋ ಸಲ ಹೊತ್ತಿಕೊಳ್ಳುವುದೇ ಇಲ್ಲ. ಅದೇ ತುಂಡನ್ನು ಒದ್ದೆ ಸೋಸುಕಾಗದದ ಮೇಲೆ ಒಂದೇ ಕಡೆ ನಿಲ್ಲಿಸಿದರೆ ಹಳದಿ ಜ್ವಾಲೆ ಬರುತ್ತದೆ. ಎರಡೂ ತುಣುಕು ಇಟ್ಟುಕೊಂಡರೆ ಪಾಠಕ್ಕೆ ಕಳೆ ಬರುತ್ತದೆ.

ಯೂಟ್ಯೂಬ್ ವಿಡಿಯೊದಲ್ಲಿ ಇಂಗ್ಲಿಷ್ ನಿರೂಪಣೆ ಇದ್ದರೆ ಕೀಬೋರ್ಡಿನ ಎಂ ಕೀಲಿ ಒತ್ತಿ ಧ್ವನಿ ಮುಚ್ಚಿ, ನೀವೇ ಕನ್ನಡದಲ್ಲಿ ಹೇಳಿ. ಕೆ ಒತ್ತಿದರೆ ನಿಲ್ಲುತ್ತದೆ, ಜೆ ಒತ್ತಿದರೆ 10 ಸೆಕೆಂಡ್ ಹಿಂದಕ್ಕೆ ಹೋಗುತ್ತದೆ. ನಿಲ್ಲಿಸಿದಾಗ ಕಾಮಾ ಮತ್ತು ಫುಲ್‌ಸ್ಟಾಪ್ ಕೀಲಿಗಳಿಂದ ಒಂದೊಂದೇ ಫ್ರೇಮ್ ಸರಿಸಬಹುದು. ಗುಂಡಗಾಗುವ ಆ ಕ್ಷಣ ತೋರಿಸಲು ಇದೇ ಬೇಕು.

ಇನ್ನು ಕೈಕೊಡುವ ವಿಷಯಗಳು. ಪ್ರೊಜೆಕ್ಟರಿನ ಎಚ್‌ಡಿಎಂಐ ಕೇಬಲ್ ಚುಚ್ಚಿದ ತಕ್ಷಣ ಲ್ಯಾಪ್‌ಟಾಪ್‌ನ ಧ್ವನಿ ಸಾಮಾನ್ಯವಾಗಿ ಪ್ರೊಜೆಕ್ಟರಿನ ಪುಟಾಣಿ ಸ್ಪೀಕರಿಗೆ ಹೊರಟುಹೋಗುತ್ತದೆ. ‘ಸೌಂಡೇ ಬರ್ತಿಲ್ಲ’ ಅನ್ನುವ ಗೋಳಿಗೆ ಬಹುಪಾಲು ಇದೇ ಕಾರಣ. ಕೆಳಗಿನ ಸ್ಪೀಕರ್ ಗುರುತು ಒತ್ತಿ ಔಟ್‌ಪುಟ್ ಬದಲಿಸಿ. ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌.ಪಿ. ರೋಡಿನಿಂದ ಒಂದು ಜೊತೆ ಸ್ಪೀಕರ್ ತಂದು ಮಕ್ಕಳ ಕಿವಿಯ ಎತ್ತರಕ್ಕಿಟ್ಟರೆ ಫ್ಯಾನಿನ ಸದ್ದಿನಲ್ಲೂ ಕೊನೇ ಬೆಂಚಿಗೆ ಕೇಳಿಸುತ್ತದೆ. ಕೇಬಲ್ಲು 5 ಮೀಟರ್ ಸಾಕು. ಅಗ್ಗದ ಉದ್ದ ಕೇಬಲ್ಲಿನಲ್ಲಿ ಚಿತ್ರ ಮಿನುಗುತ್ತದೆ.

ಸ್ಟಾಫ್ ರೂಮಿನಲ್ಲಿ ವಿಡಿಯೊ ತೆರೆದು ನಿಲ್ಲಿಸಿಟ್ಟರೆ ಪೂರ್ತಿ ಲೋಡ್ ಆಗಿರುತ್ತದೆ ಅನ್ನುವುದು ಹಳೇ ಕಾಲದ ಮಾತು, ಈಗ ಮುಂದಿನ ಸ್ವಲ್ಪ ಭಾಗ ಮಾತ್ರ ಆಗುತ್ತದೆ. ಮೊಬೈಲ್ ಹಾಟ್‌ಸ್ಪಾಟ್ ನಂಬಿದ್ದರೆ ವಿಡಿಯೊ ಗುಣಮಟ್ಟ 480ಪಿ ಇಡಿ. 1024×768 ಪಿಕ್ಸೆಲ್‌ನ ಪ್ರೊಜೆಕ್ಟರಿಗೆ 1080ಪಿ ಹಾಕುವುದು ಡೇಟಾ ದಂಡ. ಯೂಟ್ಯೂಬ್ ಆ್ಯಪಿನಲ್ಲಿ ಡೌನ್‌ಲೋಡ್ ಮಾಡಿದ್ದು ಆ್ಯಪ್‌ನೊಳಗೇ ಉಳಿಯುತ್ತದೆ, ಪೆನ್‌ಡ್ರೈವ್‌ಗೆ ಬರುವುದಿಲ್ಲ. ಫೋನನ್ನೇ ಜೋಡಿಸೋಣ ಅಂದರೆ ಎಲ್ಲ ಫೋನಿನ ಟೈಪ್-ಸಿ ಕಿಂಡಿಯಿಂದಲೂ ಚಿತ್ರ ಹೊರಬರುವುದಿಲ್ಲ, ಮೊದಲೇ ಪರೀಕ್ಷಿಸಿ. ಪಠ್ಯಪುಸ್ತಕದ ಕ್ಯೂಆರ್ ಕೋಡ್ ಸ್ಕ್ಯಾನ್ ಆಗದಿದ್ದರೆ ಅದರ ಕೆಳಗಿನ 6 ಅಕ್ಷರದ ಕೋಡನ್ನು ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದಲ್ಲಿ ಟೈಪ್ ಮಾಡಿದರೂ ಆಗುತ್ತದೆ.

ಮುಗಿದ ಮೇಲೆ ಬರುವ ಸಿನಿಮಾ ಥಂಬ್‌ನೇಲುಗಳಿಗೆ ಪರಿಹಾರ ಗೂಗಲ್ ಸ್ಲೈಡ್ಸ್. ವಿಡಿಯೊವನ್ನು ಅಲ್ಲಿ ಸೇರಿಸಿ, ಫಾರ್ಮ್ಯಾಟ್ ಆಪ್ಷನ್ಸ್‌ನಲ್ಲಿ ಶುರು ಮತ್ತು ಕೊನೆಯ ಸಮಯ ಹಾಕಿ. ದೀಪ? ಪರದೆ ಪಕ್ಕದ್ದು ಮಾತ್ರ ಆರಿಸಿ. ಕತ್ತಲಾದರೆ ಬರೆಯುವುದೂ ನಿಲ್ಲುತ್ತದೆ, ತೂಕಡಿಕೆಯೂ ಶುರು.

ಮಾರನೇ ದಿನ 5 ನಿಮಿಷ ತೆಗೆದಿಟ್ಟು, ವಿಡಿಯೊ ಇಲ್ಲದೆ ಒಂದೇ ಪ್ರಶ್ನೆ ಕೇಳಿ: ಕ್ಯಾಲ್ಸಿಯಂ ತುಂಡು ನೀರಿನಲ್ಲಿ ಮೊದಲು ಮುಳುಗಿ ಆಮೇಲೆ ಮೇಲೆ ಬರುತ್ತದೆ, ಯಾಕೆ? ‘ಹಗುರ ಇದೆ’ ಅಂದವರು ನಿನ್ನೆ ನೋಡಿದ್ದನ್ನು ಹಾಗೇ ಒಪ್ಪಿಸುತ್ತಿದ್ದಾರೆ. ಮೈಗೆ ಅಂಟಿದ ಹೈಡ್ರೋಜನ್ ಗುಳ್ಳೆಗಳು ಎತ್ತುತ್ತವೆ ಅಂದವರು ಯೋಚನೆ ಮಾಡಿದ್ದಾರೆ. ಮೊದಲನೇ ಗುಂಪು ದೊಡ್ಡದಿದ್ದರೆ ತುಣುಕನ್ನು ಇನ್ನೊಮ್ಮೆ ಹಾಕಿ, ಈ ಸಲ ಗುಳ್ಳೆಗಳ ಹತ್ತಿರ ನಿಲ್ಲಿಸಿ.