ಬೇರೆಯವರ ಬಾಯಲ್ಲಿ ಪರ್ಸಿ ಮೇಫೀಲ್ಡ್

11 ಆಗಸ್ಟ್ 2024, ಭಾನುವಾರ

ಪರ್ಸಿ ಮೇಫೀಲ್ಡ್ ತೀರಿಕೊಂಡು ಇಂದಿಗೆ 40 ವರ್ಷ. ಹೃದಯಾಘಾತ. ಇನ್ನೊಂದು ದಿನ ಬದುಕಿದ್ದರೆ 64 ತುಂಬುತ್ತಿತ್ತು. ಈ ಹೆಸರು ಕೇಳಿದವರು ಕಡಿಮೆ. ‘ಹಿಟ್ ದ ರೋಡ್ ಜ್ಯಾಕ್’ ಶುರುವಾದೊಡನೆ ಕಾಲು ತಾಳ ಹಾಕದವರು ಇನ್ನೂ ಕಡಿಮೆ. ಅದು ಅಮೆರಿಕದ ಗಾಯಕ ರೇ ಚಾರ್ಲ್ಸ್‌ನ ಹಾಡು ಎಂದೇ ಲೋಕ ನಂಬಿದೆ. ಹಾಡಿದವನು ಅವನೇ, ಬರೆದವನು ಪರ್ಸಿ. ನಮ್ಮ ಹರಿದಾಸರು ಜಾಣರು: ಕೊನೆಯ ಚರಣದಲ್ಲಿ ಅಂಕಿತವನ್ನು ಹೆಣೆದುಬಿಟ್ಟರು, ಯಾರೇ ಹಾಡಿದರೂ ಪುರಂದರವಿಠಲ ಬಂದೇ ಬರುತ್ತಾನೆ. ಲೂಸಿಯಾನಾದ ಮಿಂಡೆನ್‌ನಲ್ಲಿ 1920ರಲ್ಲಿ ಹುಟ್ಟಿದ ಈ ಮನುಷ್ಯನಿಗೆ ಆ ಅನುಕೂಲ ಇರಲಿಲ್ಲ.

ಬೆಳಗಿನಿಂದ ಅವನ ಹಳೆಯ ಧ್ವನಿಮುದ್ರಣಗಳನ್ನೇ ಕೇಳುತ್ತಿದ್ದೇನೆ. ಅವು ಮನೆಗೆಲಸದ ಜೊತೆ ಕೇಳುವಂಥವಲ್ಲ, ಪಾತ್ರೆಯ ಸದ್ದಿಗೇ ಮುಳುಗಿಹೋಗುತ್ತವೆ. ಆ ಕಾಲದ ರಿದಮ್ ಅಂಡ್ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಜನಪ್ರಿಯ ಸಂಗೀತ, ಎಂದರೆ ಗಂಟಲು ಬಿಚ್ಚಿ ಕೂಗುವವರ ಸಂತೆ. ವೈನೋನಿ ಹ್ಯಾರಿಸ್, ರಾಯ್ ಬ್ರೌನ್, ಬಿಗ್ ಜೋ ಟರ್ನರ್ ಹಾಡಿದರೆ ಮೈಕೇ ಬೇಡ. ಪರ್ಸಿ ಮಂದ್ರದಲ್ಲಿ, ಸ್ವಲ್ಪ ಸೋಮಾರಿಯಾಗಿ, ಪಕ್ಕದಲ್ಲಿ ಕೂತವರಿಗಷ್ಟೇ ಕೇಳಿದರೆ ಸಾಕು ಎಂಬಂತೆ ಹಾಡುತ್ತಾನೆ. ಪದಗಳು ಸ್ಪಷ್ಟವಾಗಿ ಕಿವಿಗೆ ಬೀಳುತ್ತವೆ. ಅವನಿಗೆ ಬೇಕಾಗಿದ್ದುದೂ ಅದೇ ಎಂದು ನನ್ನ ಗುಮಾನಿ.

ಹ್ಯೂಸ್ಟನ್ ಮಾರ್ಗವಾಗಿ ಅವನು ಲಾಸ್ ಏಂಜಲೀಸ್ ಸೇರಿದ್ದು 1942ರಲ್ಲಿ. ಯುದ್ಧದ ದಿನಗಳು. ಹಡಗುಕಟ್ಟೆಗಳಿಗೂ ವಿಮಾನ ಕಾರ್ಖಾನೆಗಳಿಗೂ ಆಳುಗಳು ಸಾಲುತ್ತಿರಲಿಲ್ಲ. ರಕ್ಷಣಾ ಉದ್ಯಮಗಳಲ್ಲಿ ವರ್ಣಭೇದ ಮಾಡಕೂಡದೆಂದು ರೂಸ್‌ವೆಲ್ಟ್ 1941ರಲ್ಲೇ ಆದೇಶ ಹೊರಡಿಸಿದ್ದ. ಲೂಸಿಯಾನಾ, ಟೆಕ್ಸಸ್‌ಗಳಿಂದ ಕಪ್ಪು ಜನ ರೈಲು ಹತ್ತಿ ಪಶ್ಚಿಮಕ್ಕೆ ಹೊರಟರು. ಅವರ ಜೊತೆಗೆ ಅವರ ಸಂಗೀತವೂ ಬಂತು. ಲಾಸ್ ಏಂಜಲೀಸ್‌ನ ಕಪ್ಪು ಜನರ ಬೀದಿಯಾದ ಸೆಂಟ್ರಲ್ ಅವೆನ್ಯೂ ರಾತ್ರಿಯಿಡೀ ಎಚ್ಚರವಾಗಿರತೊಡಗಿತು. ದೊಡ್ಡ ಕಂಪನಿಗಳು ಅತ್ತ ಸರಿಯಾಗಿ ತಿರುಗಿ ನೋಡದಿದ್ದಾಗ ಸ್ಪೆಷಾಲಿಟಿ, ಮಾಡರ್ನ್, ಅಲಾದಿನ್‌ನಂಥ ಸಣ್ಣ ರೆಕಾರ್ಡ್ ಕಂಪನಿಗಳು ಆ ಜಾಗದಲ್ಲಿ ಅಂಗಡಿ ತೆರೆದವು.

ಅವನ ವೃತ್ತಿಜೀವನದಲ್ಲಿ ನನಗೆ ಮುಖ್ಯವಾಗಿ ಕಾಣುವುದು ಅದು ಶುರುವಾದ ಬಗೆ. 1947ರಲ್ಲಿ ‘ಟೂ ಇಯರ್ಸ್ ಆಫ್ ಟಾರ್ಚರ್’ ಎಂಬ ಹಾಡನ್ನು ಹಿಡಿದುಕೊಂಡು ಅವನು ಸುಪ್ರೀಮ್ ಎಂಬ ಸಣ್ಣ ಕಂಪನಿಯ ಬಾಗಿಲು ತಟ್ಟಿದ. ಬ್ಲೂಸ್ ಗಾಯಕ ಜಿಮ್ಮಿ ವಿದರ್‌ಸ್ಪೂನ್ ಅದನ್ನು ಹಾಡಲಿ ಎಂಬುದಷ್ಟೇ ಅವನ ಆಸೆ. ಕಂಪನಿಯವರು ಕೇಳಿ, ನೀನೇ ಹಾಡು ಎಂದರು. ಹಾಡು ಮಾರಲು ಬಂದವನು ಹೀಗೆ ಗಾಯಕನಾದ.

ಮೂರು ವರ್ಷದ ನಂತರ ಆರ್ಟ್ ರೂಪ್ ಅವನನ್ನು ತನ್ನ ಸ್ಪೆಷಾಲಿಟಿ ಕಂಪನಿಗೆ ಸೇರಿಸಿಕೊಂಡ. ಮುಂದೆ ರಾಕ್ ಅಂಡ್ ರೋಲ್ ಗಾಯಕ ಲಿಟಲ್ ರಿಚರ್ಡ್‌ನನ್ನು ಲೋಕಕ್ಕೆ ಬಿಟ್ಟ ಕಂಪನಿಯೂ ಅದೇ. ಅಲ್ಲಿಂದ 1950ರಲ್ಲಿ ಹೊರಬಂದದ್ದು ‘ಪ್ಲೀಸ್ ಸೆಂಡ್ ಮಿ ಸಮ್‌ಒನ್ ಟು ಲವ್’. ಬಿಲ್‌ಬೋರ್ಡ್ ಪತ್ರಿಕೆ ಕಪ್ಪು ಜನರ ಸಂಗೀತದ ‘ರೇಸ್ ರೆಕಾರ್ಡ್ಸ್’ ಎಂಬ ತನ್ನ ಪಟ್ಟಿಗೆ ರಿದಮ್ ಅಂಡ್ ಬ್ಲೂಸ್ ಎಂದು ಮರುನಾಮಕರಣ ಮಾಡಿ ಆಗಿನ್ನೂ ಒಂದೂವರೆ ವರ್ಷವೂ ಆಗಿರಲಿಲ್ಲ. ಆ ಪಟ್ಟಿಯ ಮೊದಲ ಸ್ಥಾನಕ್ಕೆ ಹಾಡು ಏರಿತು.

ಇಂದು ಅದನ್ನು ಮತ್ತೆ ಮತ್ತೆ ಹಾಕಿಕೊಂಡೆ. ಹೊರನೋಟಕ್ಕೆ ಪ್ರೇಮಗೀತೆ. ಆದರೆ ಹಾಡು ಶುರುವಾಗುವುದು ದೇವರ ಮುಂದೆ ನಿಂತು: ಮನುಷ್ಯರಿಗೆ ಪರಸ್ಪರ ಅರಿತುಕೊಳ್ಳುವ ಬುದ್ಧಿ ಕೊಡು, ಲೋಕಕ್ಕೆ ನೆಮ್ಮದಿ ಕೊಡು. ಅದೆಲ್ಲ ಆದ ಮೇಲೆ, ಹೆಚ್ಚು ಕೇಳಿದಂತಾಗದಿದ್ದರೆ, ನನಗೂ ಪ್ರೀತಿಸಲು ಒಬ್ಬರನ್ನು ಕಳಿಸಿಕೊಡು ಎಂಬ ಸಣ್ಣ ಅರ್ಜಿ. ಆ ವರ್ಷದ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾಗಿತ್ತು. ಹಾಡುವವನು ವರ್ಣಭೇದದ ದಕ್ಷಿಣದಲ್ಲಿ ಬೆಳೆದವನು. ಇಷ್ಟಿದ್ದೂ ಹಾಡಿನಲ್ಲಿ ಘೋಷಣೆಯಿಲ್ಲ, ಆಕ್ರೋಶವಿಲ್ಲ. ಲೋಕದ ಸಂಕಟವನ್ನೂ ಒಂಟಿತನವನ್ನೂ ಒಂದೇ ಉಸಿರಿನಲ್ಲಿ, ಒಂದೇ ದನಿಯಲ್ಲಿ ಹೇಳುತ್ತಾನೆ. ಮೂನ್‌ಗ್ಲೋಸ್ ತಂಡದಿಂದ ಹಿಡಿದು ಗಾಯಕಿ ಶಾಡೇವರೆಗೆ ಎಷ್ಟೋ ಮಂದಿ ಇದನ್ನು ಹಾಡಿದ್ದಾರೆ. ಶಾಡೇ ಹಾಡಿದ್ದು ಚೆನ್ನಾಗಿಯೇ ಇದೆ, ಆದರೆ ಅಲ್ಲಿ ಅರ್ಜಿಯ ಸಂಕೋಚ ಕೇಳಿಸುವುದಿಲ್ಲ.

1950ರಿಂದ 1952ರ ನಡುವೆ ಏಳು ಹಾಡುಗಳು ಮೊದಲ ಹತ್ತರ ಪಟ್ಟಿಗೆ ಬಂದವು. ಆಳು ಎತ್ತರ, ಸುಂದರ, ಹೆಂಗಸರ ಮೆಚ್ಚಿನ ಗಾಯಕ. 1952ರಲ್ಲಿ ಲಾಸ್ ವೇಗಸ್‌ನಿಂದ ವಾಪಸ್ಸಾಗುವಾಗ ಅವನಿದ್ದ ಕಾರು ರಸ್ತೆಯಲ್ಲಿ ಕೆಟ್ಟು ನಿಂತಿದ್ದ ಲಾರಿಯ ಹಿಂಭಾಗಕ್ಕೆ ಅಪ್ಪಳಿಸಿತು. ಸತ್ತೇಹೋದ ಎಂದೇ ಸ್ಥಳದಲ್ಲಿ ತೀರ್ಮಾನಿಸಿದ್ದರಂತೆ. ಬದುಕಿದ, ಆದರೆ ಮುಖ ವಿಕಾರವಾಯಿತು. ವೇದಿಕೆ ಏರುವುದು ಬಹಳ ಕಡಿಮೆಯಾಯಿತು.

ಅವನ ಬಗ್ಗೆ ಬರೆಯುವವರೆಲ್ಲ ಇಲ್ಲಿಗೆ ಬಂದು ಕಣ್ಣೊರೆಸಿಕೊಳ್ಳುತ್ತಾರೆ. ನನಗೆ ಅದು ಅಷ್ಟಾಗಿ ಒಪ್ಪಿಗೆಯಿಲ್ಲ. ಮುಖ ಹೋಯಿತು, ಅದರ ನೋವು ಸಣ್ಣದಲ್ಲ. ಆದರೆ ಹಾಡು ಬರೆದು ಬೇರೆಯವರಿಗೆ ಕೊಡಬೇಕೆಂದು ಬಂದಿದ್ದವನನ್ನು ಸ್ಟುಡಿಯೊ ಗಾಯಕನನ್ನಾಗಿ ಮಾಡಿತ್ತು. ಅಪಘಾತದ ನಂತರ ಅವನು ತನ್ನ ಮೊದಲ ಕಸುಬಿಗೆ ಮರಳಿದ. ಬರೆಯುವ ಕೈಯಂತೂ ಮೊದಲಿನಷ್ಟೇ ಚುರುಕಾಗಿತ್ತು.

1960ರಲ್ಲಿ ವಾದ್ಯವೇನೂ ಇಲ್ಲದೆ ಬರಿಯ ದನಿಯಲ್ಲಿ ಹಾಡಿದ ಒಂದು ಮಾದರಿಯನ್ನು ಅವನು ಆರ್ಟ್ ರೂಪ್‌ಗೆ ಕಳಿಸಿದ. ಅದೇ ‘ಹಿಟ್ ದ ರೋಡ್ ಜ್ಯಾಕ್’. ಮುಂದಿನ ವರ್ಷ ರೇ ಚಾರ್ಲ್ಸ್ ಹಾಡಿದಾಗ ಅಮೆರಿಕದ ಪಾಪ್ ಪಟ್ಟಿಯಲ್ಲಿ ಎರಡು ವಾರ ಮೊದಲ ಸ್ಥಾನ, ಮೇಲೊಂದು ಗ್ರಾಮಿ. ಮನೆಯಿಂದ ಹೊರದಬ್ಬುವ ಹೆಂಗಸಿನ ಪಾತ್ರ ಮಾರ್ಜಿ ಹೆಂಡ್ರಿಕ್ಸ್‌ಳದು. ಎರಡು ನಿಮಿಷದಲ್ಲಿ ಮುಗಿಯುವ ಪ್ರಹಸನ ಅದು: ಗಂಡಸು ಗೋಗರೆಯುತ್ತಾನೆ, ಹೆಂಗಸು ಒಂದಿಂಚೂ ಕದಲುವುದಿಲ್ಲ. ಪ್ರೀತಿಗಾಗಿ ದೇವರಲ್ಲಿ ಅಷ್ಟು ಸಂಕೋಚದಿಂದ ಬೇಡಿದವನೇ ಇದನ್ನೂ ಬರೆದ ಎಂದು ನೆನೆದರೆ ನಗು ಬರುತ್ತದೆ.

ಅದೇ ಗ್ರಾಮಫೋನ್ ತಟ್ಟೆಯ ಹಿಂಬದಿಯಲ್ಲಿದ್ದ ‘ದ ಡೇಂಜರ್ ಝೋನ್’ ಕೂಡ ಪರ್ಸಿಯದೇ. ಲೋಕ ಅಪಾಯದ ಅಂಚಿನಲ್ಲಿದೆ ಎಂಬ ಚಿಂತೆಯ, ಬಹಳ ನಿಧಾನದ ಹಾಡು. ಬರ್ಲಿನ್ ಗೋಡೆ ಎದ್ದ ವರ್ಷ ಅದು. ಮುಂಬದಿಗೆ ಕುಣಿದವರಲ್ಲಿ ಎಷ್ಟು ಮಂದಿ ತಟ್ಟೆಯನ್ನು ಮಗುಚಿ ಹಾಕಿದರೋ! ನನ್ನನ್ನು ಕೇಳಿದರೆ ಹಿಂಬದಿಯೇ ದೊಡ್ಡ ಹಾಡು.

ನಂತರ ರೇ ಚಾರ್ಲ್ಸ್ ತನ್ನದೇ ಟ್ಯಾಂಜರೀನ್ ಕಂಪನಿ ತೆರೆದು ಪರ್ಸಿಯನ್ನು ಕರೆದುಕೊಂಡ. ಪರ್ಸಿಯನ್ನು ಬ್ಲೂಸ್‌ನ ಆಸ್ಥಾನಕವಿ ಎಂದು ಕರೆಯುತ್ತಾರೆ. ಆಸ್ಥಾನ ಎಂಬುದೊಂದು ಇದ್ದರೆ ಅದು ಇದೇ. ‘ಹೈಡ್ ನಾರ್ ಹೇರ್’, ‘ಅಟ್ ದ ಕ್ಲಬ್’ ರೇ ಚಾರ್ಲ್ಸ್‌ಗಾಗಿ ಬರೆದವು. ಅಲ್ಲಿಯೇ ಅವನು ತನ್ನ ಹಳೆಯ ‘ರಿವರ್ಸ್ ಇನ್‌ವಿಟೇಶನ್’ ಅನ್ನು 1963ರಲ್ಲಿ ಮತ್ತೆ ಹಾಡಿದ. ಕಳೆದುಹೋದ ಪ್ರೇಯಸಿಯನ್ನು ಹುಡುಕುತ್ತ ಬಂದವನ ಜೊತೆ ನದಿ ಮಾತಾಡುತ್ತದೆ, ನನ್ನೊಳಗೇ ಮನೆ ಮಾಡಿಕೊಂಡಿರು ಎಂದು ಕರೆಯುತ್ತದೆ. ಎರಡನೆಯ ಮುದ್ರಣದಲ್ಲಿ ಹಿತ್ತಾಳೆ ವಾದ್ಯಗಳ ಅಬ್ಬರ ಜಾಸ್ತಿ. ನದಿಯ ಕರೆ ಮೊದಲನೆಯದರಲ್ಲೇ ಹೆಚ್ಚು ಭಯ ಹುಟ್ಟಿಸುತ್ತದೆ.

ಆಮೇಲಿನದು ಏರಿಳಿತವಿಲ್ಲದ ಕಥೆ. ಕಂಪನಿ ಬದಲಾದವು, ಮಾರಾಟ ಅಷ್ಟಕ್ಕಷ್ಟೇ. ಆದರೂ 1974ರಲ್ಲಿ, ಅಮೆರಿಕದ ಅಧ್ಯಕ್ಷ ನಿಕ್ಸನ್ ಗದ್ದುಗೆ ಬಿಟ್ಟಿಳಿದ ವರ್ಷ, ಅಟ್ಲಾಂಟಿಕ್ ಕಂಪನಿಗಾಗಿ ಅವನು ಒಂದು ಹಾಡು ಹಾಡಿದ: ‘ಐ ಡೋಂಟ್ ವಾಂಟ್ ಟು ಬಿ ಪ್ರೆಸಿಡೆಂಟ್’. ನನಗೆ ಅಧ್ಯಕ್ಷಗಿರಿ ಬೇಡವೇ ಬೇಡ ಎಂದು ಅದೇ ಸೋಮಾರಿ ದನಿಯಲ್ಲಿ, ಯಾರೋ ಮನೆ ಬಾಗಿಲಿಗೆ ಬಂದು ದುಂಬಾಲು ಬಿದ್ದಿದ್ದಾರೆ ಎಂಬಂತೆ ಹೇಳುತ್ತಾನೆ.